ಆಟದ ಫಂಡಿಗೆ ಕೂಗಿದ ಮುಯ್ಯಿ

ಹಿರೀಸಾವೆ
14 ಜುಲೈ 1938

ಅಳಿಯ ದೇವರಾಜನಿಗೆ ಸಣ್ಣಯ್ಯ ಮಾವ ಬರೆಯುವುದು ಏನೆಂದರೆ,

ನಿನ್ನ ಕಾರ್ಡು ಬಂತು. ಪೋಸ್ಟಿನವನು ಅದನ್ನು ನನ್ನ ಕೈಗೆ ಕೊಡುವ ಮೊದಲು ತಾನೇ ಓದಿ, ಹೋಟೆಲಿನ ಬೆಂಚಿನ ಮೇಲೆ ಕೂತಿದ್ದವರಿಗೆಲ್ಲ ಹೇಳಿ ಮುಗಿಸಿದ್ದ. ಹಾಗಾಗಿ ನೀನು ಹಾಸನದ ಹೇಮಕೂಟ ಕಾಲೇಜಿಗೆ ಸೇರಿದ ಸುದ್ದಿ ಈ ಊರಿನಲ್ಲಿ ಕೊನೆಗೆ ತಿಳಿದದ್ದು ನನಗೇ. ಆದರೂ ಮೊದಲು ತಿಳಿದವನ ಹಾಗೆ ನಡೆದುಕೊಂಡೆ. ತಟ್ಟುಕುದುರೆಗೆ ಜೀನು ಹಾಕಿ ಚನ್ನರಾಯಪಟ್ಟಣದ ಸಂತೆಗೆ ಹೋಗಿ, ಕೇಳಿದವರಿಗೂ ಕೇಳದವರಿಗೂ ಹೇಳಿ ಬಂದೆ.

ಒಂದು ಮಾತು ಮಾತ್ರ ನನ್ನ ತಲೆಗೆ ಹತ್ತಲಿಲ್ಲ. ಓದಿನ ಫೀಜು ಮಾಫಿ, ಆಟದ ಫೀಜೂ ಮಾಫಿ ಎಂದು ಬರೆದಿದ್ದೀಯೆ. ಆಟಕ್ಕೂ ಫೀಜು ಇದೆಯೇನೋ? ನಮ್ಮ ಕೂಲಿಮಠದಲ್ಲಿ ಆಟ ಆಡಿದರೆ ಐಗಳು ಬೆನ್ನು ಮುರಿಯುತ್ತಿದ್ದರು, ಅದಕ್ಕೆ ದುಡ್ಡು ಮಾತ್ರ ಕೇಳುತ್ತಿರಲಿಲ್ಲ. ನಾನು ಗರಡಿಗೆ ಹೋಗುತ್ತಿದ್ದ ಕಾಲದಲ್ಲಿ ಹಸು ಈದ ಮನೆಯವರು ಹಾಲು ಕೊಡುತ್ತಿದ್ದರು, ಗಾಣದವನು ಎಣ್ಣೆ ಕೊಡುತ್ತಿದ್ದ. ಕುಸ್ತಿ ಗೆದ್ದರೆ ಊರೇ ಗೆದ್ದ ಹಾಗೆ. ನಾನು ಒಂಬತ್ತು ಕುಸ್ತಿ ಗೆದ್ದವನು. ನಿಮ್ಮಮ್ಮ ಮೂರು ಅನ್ನುತ್ತಾಳೆ. ಅವಳಿಗೆ ಲೆಕ್ಕ ಬರುವುದಿಲ್ಲ.

ನಿಮ್ಮತ್ತೆ ಮಾದಮ್ಮ ಕೇಳುತ್ತಾಳೆ: "ಓಡಾದ್ ಕಲಿಯಾಕೂ ಕಾಲೇಜ್ಗೆ ಓಗ್ಬೇಕಾ? ನಮ್ಮ ಎಮ್ಮೆ ಹಿಂದೆ ಬಿಟ್ಟಿದ್ರೆ ಸಾಲ್ತಿರ್ನಿಲ್ವಾ?"

ಇದಕ್ಕೆ ನೀನೇ ಉತ್ತರ ಬರೆ. ನಾನು ಹೇಳಿದರೆ ನಂಬುವುದಿಲ್ಲ.

ನಿನ್ನ ಮಾವ
ಸಣ್ಣಯ್ಯ

*

ಹಾಸನ
6 ಆಗಸ್ಟ್ 1938

ಮಾವನವರಿಗೆ ದೇವರಾಜು ಮಾಡುವ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಇಲ್ಲಿ ಆಟ ನಡೆಯುವುದು ಹೀಗೆ. ಮುನ್ನೂರು ಹುಡುಗರೂ ವರ್ಷಕ್ಕೆ ಒಂದೂವರೆ ರೂಪಾಯಿ ಆಟದ ಫೀಜು ಕಟ್ಟುತ್ತಾರೆ. ಆಡುವವರು ನಲವತ್ತು ಜನ, ಮಿಕ್ಕವರು ಕಟ್ಟುತ್ತಾರೆ ಅಷ್ಟೆ. ಆ ಹಣಕ್ಕೆ ಆಟದ ಫಂಡು ಎಂದು ಹೆಸರು. ಹೆಚ್ಚು ಭಾಗ ಟೆನಿಸ್ ಬಲೆಗೆ, ಚೆಂಡಿಗೆ, ಕ್ರಿಕೆಟ್ ಬ್ಯಾಟಿಗೆ ಹೋಗುತ್ತದೆ. ಸಾಯಂಕಾಲ ಕಾಲೇಜಿನ ಕಮಿಟಿಯವರು ಟೆನಿಸ್ ಆಡಲು ಬರುತ್ತಾರೆ. ಓಟಕ್ಕೆ ಖರ್ಚಿಲ್ಲ, ಆದ್ದರಿಂದ ಫಂಡಿನಲ್ಲಿ ಪಾಲೂ ಇಲ್ಲ. ಸುಣ್ಣದ ಗೆರೆ, ಒಂದು ಸೀಟಿ, ಇಷ್ಟೇ.

ಬೆಂಗಳೂರಿನಲ್ಲಿ ಮಾರ್ಚ್ ತಿಂಗಳಲ್ಲಿ ಎಲ್ಲ ಕಾಲೇಜುಗಳ ಓಟದ ಪಂದ್ಯ ನಡೆಯುತ್ತದೆ. ಅಲ್ಲಿಗೆ ಹೋಗುವ ರೈಲು ಚಾರ್ಜು, ಊಟದ ಖರ್ಚು ದಾನಿಗಳಿಂದ ಬರಬೇಕು. ಡಿಸೆಂಬರಿನ ಕ್ರೀಡೋತ್ಸವದಲ್ಲಿ ದಾನಿಗಳ ಹೆಸರನ್ನು ವೇದಿಕೆಯ ಮೇಲೆ ಓದುತ್ತಾರೆ. ಚನ್ನರಾಯಪಟ್ಟಣದ ಪಾತ್ರೆ ವ್ಯಾಪಾರಿ ನೇಮಿರಾಜಯ್ಯನವರು ಪ್ರತಿವರ್ಷ ಐವತ್ತು ರೂಪಾಯಿ ಕೊಡುತ್ತಾರಂತೆ.

ನನಗೆ ಮಾಫಿ ಸಿಕ್ಕಿದ್ದು ಡ್ರಿಲ್ ಮೇಷ್ಟರು ಜೀವಂಧರಯ್ಯನವರಿಂದ. ತಂದೆಯಿಲ್ಲ, ತಾಯಿ ಹೊಳೆನರಸೀಪುರದಲ್ಲಿ ಭತ್ತ ಕುಟ್ಟುತ್ತಾರೆ ಎಂದು ಅವರೇ ಪ್ರಿನ್ಸಿಪಾಲರಿಗೆ ಹೇಳಿ, ಬಡ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಸೇರಿಸಿದರು. ಪ್ರತಿದಿನ ಬೆಳಿಗ್ಗೆ ಮೈದಾನಕ್ಕೆ ಬರುವುದನ್ನು ತಪ್ಪಿಸಿಕೊಳ್ಳಬಾರದು, ಅದೊಂದೇ ಷರತ್ತು. ನನಗೆ ತಪ್ಪಿಸಿಕೊಳ್ಳುವ ಮನಸ್ಸೂ ಇಲ್ಲ ಮಾವ. ಓಡುವಾಗ ಒಂದೊಂದು ಸಲ ಕಾಲು ನೆಲಕ್ಕೆ ತಾಗುವುದೇ ಗೊತ್ತಾಗುವುದಿಲ್ಲ.

ಅತ್ತೆಯವರ ಪ್ರಶ್ನೆಗೆ ಉತ್ತರ ಇಷ್ಟೇ: ಎಮ್ಮೆ ಸೋತರೂ ಒಪ್ಪಿಕೊಳ್ಳುವುದಿಲ್ಲ.

ಕ್ರೀಡೋತ್ಸವಕ್ಕೆ ಅಷ್ಟು ದೂರದಿಂದ ನೀವು ತೊಂದರೆ ತೆಗೆದುಕೊಂಡು ಬರಬೇಡಿ.

ಇಂತು
ದೇವರಾಜು

*

ಹಿರೀಸಾವೆ
19 ಡಿಸೆಂಬರ್ 1938

ಲೋ ಅಳಿಯಾ,

ಬಸ್ಸಿಳಿದು ಮನೆಗೆ ಬಂದು ಇನ್ನೂ ರುಮಾಲು ಬಿಚ್ಚಿಲ್ಲ, ಬರೆಯಲು ಕೂತಿದ್ದೇನೆ. ಬರಬೇಡಿ ಎಂದು ಬರೆದಿದ್ದೆಯಲ್ಲ, ಬರಬೇಡಿ ಅಂದ ಕಡೆಗೇ ನಾನು ಮೊದಲು ಹೋಗುವುದು ಎಂದು ನಿನಗೆ ಗೊತ್ತಿರಬೇಕಿತ್ತು.

ನೀನು ಓಡಿದ್ದನ್ನು ಕಣ್ಣು ತುಂಬ ನೋಡಿದೆ. ಮೂರು ಸುತ್ತಿನವರೆಗೂ ನೀನು ಹಿಂದೆಯೇ ಇದ್ದೆ. ಅಕ್ಕಪಕ್ಕದವರಿಗೆ, "ಅವ್ನು ಬೇಕಂತ್ಲೇ ಹಿಂದೆ ಅವ್ನೆ, ನಾನೇ ಯೋಳ್ಕೊಟ್ಟಿರಾದು" ಅಂದೆ. ಕೊನೆಯ ಸುತ್ತಿನಲ್ಲಿ ನೀನು ಒಬ್ಬೊಬ್ಬರನ್ನೇ ಬಿಟ್ಟು ಮುಂದೆ ಬಂದಾಗ ಪಕ್ಕದವನ ಹೆಗಲು ಹಿಡಿದುಕೊಂಡೆ. ನಿಮ್ಮಪ್ಪ ದ್ಯಾವಯ್ಯ ಪಂಚೆ ಎತ್ತಿ ಕಟ್ಟಿ ಕೆರೆ ಏರಿ ಮೇಲೆ ಓಡುತ್ತಿದ್ದ ಹಾಗೇ ಇತ್ತು. ಭಾವ ಇದ್ದಿದ್ದರೆ ಎಂದುಕೊಂಡೆ.

ಆಮೇಲೆ ನಡೆದದ್ದನ್ನು ನೀನೂ ಕಂಡೆ. ನನ್ನ ಜರಿ ರುಮಾಲು ನೋಡಿ ಯಾರೋ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದರು. ಪಕ್ಕದಲ್ಲೇ ನೇಮಿರಾಜಯ್ಯ. ಪ್ರಿನ್ಸಿಪಾಲರು ಎದ್ದು, ಈ ವರ್ಷ ಐದು ಜನರನ್ನು ಬೆಂಗಳೂರಿಗೆ ಕಳಿಸುವ ಆಸೆಯಿದೆ, ಫಂಡಿನಲ್ಲಿ ಏನೂ ಉಳಿದಿಲ್ಲ ಎಂದರು. ನೇಮಿರಾಜಯ್ಯನವರಿಂದ ಐವತ್ತು ಎಂದು ಓದಿದರು. ಚಪ್ಪಾಳೆ ಬಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ. ಎದ್ದು ನಿಂತು, "ಹಿರೀಸಾವೆ ಸಣ್ಣಯ್ಯನೋರಿಂದ, ಭಾವ ದ್ಯಾವಯ್ಯನೋರ ಹೆಸ್ರಲ್ಲಿ, ನೂರು ರೂಪಾಯಿ!" ಎಂದು ಕೂಗಿದೆ. ಅರೆರೆ, ಆ ಚಪ್ಪಾಳೆ! ಇನ್ನೂ ಕಿವಿಯಲ್ಲಿದೆ.

ನೀನು ಗಾಬರಿಯಾಗಬೇಡ. ನಮ್ಮೂರ ಮದುವೆ ಚಪ್ಪರದಲ್ಲಿ ಮುಯ್ಯಿ ಕೂಗುವುದನ್ನು ನೀನೇ ಎಷ್ಟು ಸಲ ಕೇಳಿಲ್ಲ? ಬೀಗರ ಮುಂದೆ ಹತ್ತು ಎಂದು ಕೂಗುತ್ತಾರೆ, ಎಲೆ ಅಡಿಕೆಯೊಳಗೆ ಎರಡು ಇಟ್ಟು ಕೊಡುತ್ತಾರೆ. ಬರೆದುಕೊಳ್ಳುವವನು ಎರಡನ್ನೇ ಬರೆದುಕೊಳ್ಳುತ್ತಾನೆ. ಅದು ಮನೆಯವರಿಗೆ ಮಾಡುವ ಮರ್ಯಾದೆ. ನಾನೂ ಐದು ರೂಪಾಯಿಯನ್ನು ಎಲೆಯಲ್ಲಿ ಸುತ್ತಿ ನಿಮ್ಮ ಗುಮಾಸ್ತೆಯ ಕೈಗೆ ಕೊಟ್ಟೆ.

"ಇದು ಮುಂಗಡವೋ ಸ್ವಾಮಿ?" ಅಂದ.

"ಅಂಗೇ ಅಂದ್ಕಳಿ" ಅಂದೆ. ಕಾಲೇಜು ಓದಿದವನಿಗೆ ಮುಯ್ಯಿಯ ರೀತಿ ಬಿಡಿಸಿ ಹೇಳಲು ನನಗೆ ಹೊತ್ತಿರಲಿಲ್ಲ, ಬಸ್ಸು ಹೊರಟಿತ್ತು.

ನೀನೊಬ್ಬ ಮಾತ್ರ ಯಾಕೋ ಚಪ್ಪಾಳೆ ತಟ್ಟಲಿಲ್ಲ. ಓಡಿ ಸುಸ್ತಾಗಿತ್ತೇನೋ.

ಗೆದ್ದವನ ಮಾವ
ಸಣ್ಣಯ್ಯ

*

ಹಾಸನ
11 ಜನವರಿ 1939

ಮಾವನವರಿಗೆ ನಮಸ್ಕಾರ.

ಇದನ್ನು ಮೂರು ಸಲ ಬರೆದು ಹರಿದೆ. ನೀವು ಬೇಸರ ಮಾಡಿಕೊಳ್ಳಬಾರದು.

ಕಾಲೇಜಿನಲ್ಲಿ ಕೂಗಿದ್ದನ್ನೇ ಬರೆದುಕೊಳ್ಳುತ್ತಾರೆ. ಆ ನೂರನ್ನು ನಂಬಿ ಪ್ರಿನ್ಸಿಪಾಲರು ಐದು ಜನರ ಹೆಸರನ್ನು ಬೆಂಗಳೂರಿಗೆ ಕಳಿಸಿಬಿಟ್ಟಿದ್ದಾರೆ. ಜೀವಂಧರಯ್ಯ ಮೇಷ್ಟರು ಐದು ಜೊತೆ ಮೊಳೆಯ ಷೂಗಳನ್ನು ತಮ್ಮ ಹೆಸರಿನಲ್ಲಿ ಅಂಗಡಿಯಿಂದ ಕಡ ತರಿಸಿದ್ದಾರೆ. ಆಫೀಸಿನ ಗೋಡೆಯ ಹಲಗೆಯ ಮೇಲೆ ದಾನಿಗಳ ಸಾಲಿನಲ್ಲಿ ಅಪ್ಪನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದಾರೆ.

ಸೋಮವಾರ ನನ್ನನ್ನು ಆಫೀಸಿಗೆ ಕರೆದರು. ನೂರು ರೂಪಾಯಿ ದಾನ ಕೊಡುವವರ ಅಳಿಯ ಬಡ ವಿದ್ಯಾರ್ಥಿ ಹೇಗಾಗುತ್ತಾನೆ ಎಂದು ಕಮಿಟಿಯವರೊಬ್ಬರು ಕೇಳಿದರಂತೆ. ಮಾಫಿ ರದ್ದಾಗಿದೆ. ಇಡೀ ವರ್ಷದ ಫೀಜು ಐವತ್ತನಾಲ್ಕು ರೂಪಾಯಿಯನ್ನು ಫೆಬ್ರವರಿ 28ರೊಳಗೆ ಕಟ್ಟಬೇಕು. ಇಲ್ಲವಾದರೆ ಕಾಲೇಜಿನ ಪಟ್ಟಿಯಿಂದಲೇ ಹೆಸರು ಹೊಡೆದುಹಾಕುತ್ತಾರೆ. ಹೆಸರು ಹೋದವರು ಕಾಲೇಜಿಗಾಗಿ ಓಡುವ ಹಾಗಿಲ್ಲ.

ಅಮ್ಮನಿಗೆ ಇನ್ನೂ ತಿಳಿಸಿಲ್ಲ.

ಷೂ ನನ್ನ ಕಾಲಿಗೆ ಸರಿಯಾಗಿದೆ.

ದೇವರಾಜು

*

ಹಿರೀಸಾವೆ
17 ಜನವರಿ 1939

ಅಳಿಯನಿಗೆ,

ಇಷ್ಟಕ್ಕೇ ಮೂರು ಕಾಗದ ಹರಿದೆಯಾ? ಚನ್ನರಾಯಪಟ್ಟಣದ ಅಮಲ್ದಾರರನ್ನು ನಗಿಸಿ ನಗಿಸಿ ಕಂದಾಯಕ್ಕೆ ಎರಡು ತಿಂಗಳು ವಾಯಿದೆ ತೆಗೆದುಕೊಂಡವನು ನಾನು. ಒಬ್ಬ ಪ್ರಿನ್ಸಿಪಾಲರನ್ನು ಸರಿಮಾಡಲು ಎಷ್ಟು ಹೊತ್ತು? ನಾನೇ ಬಂದು, "ನಾನು ಸುಳ್ಳುಗಾರ ಸಾ" ಎಂದು ಒಂದು ಮಾತು ಹೇಳಿದರೆ ಮುಗಿಯಿತು. ನಮ್ಮೂರಿನಲ್ಲಿ ಈ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ, ಹಾಸನದವರೇನು ಬೇರೆಯೇ? ಬೇಕಾದರೆ ಸಾಕ್ಷಿಗೆ ತಾನೂ ಬರುತ್ತೇನೆ ಎಂದು ನಿಮ್ಮತ್ತೆ ಕುಣಿಯುತ್ತಿದ್ದಾಳೆ.

ರಾಗಿ ಒಕ್ಕಣೆ ಮುಗಿಯಲಿ, ಬರುತ್ತೇನೆ. ನೀನು ಓಡುವುದನ್ನು ಬಿಡಬೇಡ.

ಸಣ್ಣಯ್ಯ

*

ಹಿರೀಸಾವೆ
9 ಫೆಬ್ರವರಿ 1939

ದೇವರಾಜ,

ಮೊನ್ನೆ ಹಾಸನಕ್ಕೆ ಬಂದಿದ್ದೆ. ನಿನ್ನನ್ನು ಕಾಣದೆ ಹೋದೆ ಎಂದು ಕೋಪ ಮಾಡಿಕೊಳ್ಳಬೇಡ, ಕಾರಣ ಕೇಳು.

ಪ್ರಿನ್ಸಿಪಾಲರು ಎದ್ದು ನಿಂತು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಬೆಳ್ಳಿ ಲೋಟ. ಅಷ್ಟು ಮರ್ಯಾದೆಯ ನಡುವೆ ಸುಳ್ಳುಗಾರ ಎಂದು ಹೇಳಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಆದರೂ ಹೇಳಿದೆ.

"ಸಾ, ನಾನು ಬಡವ ಕಣ್ ಸಾ. ಅವತ್ತು ಸುಮ್ಕೆ ಕೂಗ್ಬುಟ್ಟೆ. ನಮ್ ಕಡೆ ಅಂಗೇ ಕೂಗಾದು."

ಅವರು ನಕ್ಕರು. "ದೊಡ್ಡ ಮನುಷ್ಯರೆಲ್ಲ ಹೀಗೇ ಹೇಳೋದು."

"ದೊಡ್ಡ ಮನ್ಸ ಅಲ್ಲ ಸಾ. ಎರಡೆಕ್ರೆ ರಾಗಿ ಹೊಲ, ಒಂಬತ್ತು ತೆಂಗಿನ್ಮರ. ಬೇಕಾರೆ ಬಂದು ಎಣುಸ್ಕಳಿ."

ಅವರು ಬೀರು ತೆಗೆದು ನಿನ್ನ ಅರ್ಜಿಯನ್ನು ಮುಂದಿಟ್ಟರು. ನೀನು ಸೇರುವ ಮೊದಲು ನಾನೇ ತುಂಬಿ ಕೊಟ್ಟದ್ದು. ಪೋಷಕರ ಹೆಸರು ಸಣ್ಣಯ್ಯ, ಉದ್ಯೋಗ ಜಮೀನ್ದಾರರು. ಆವತ್ತು ಹೊಸ ನಿಬ್ಬು ಸಿಕ್ಕಿತ್ತು. ಅಕ್ಷರವನ್ನು ಎಷ್ಟು ದುಂಡಗೆ ಬರೆದಿದ್ದೆ ಅಂತೀಯೆ! ಜೀವಂಧರಯ್ಯನವರ ಮಾತಿನ ಮೇಲೆ ಮಾಫಿ ಕೊಟ್ಟಾಗ ಆ ಅರ್ಜಿಯನ್ನು ಯಾರೂ ತೆರೆದು ನೋಡಿರಲಿಲ್ಲವಂತೆ. ಈಗ ಕಮಿಟಿಯವರು ನೋಡಿದ್ದಾರೆ.

"ಇದು ನಿಮ್ಮ ಕೈಬರಹ ತಾನೆ?" ಅಂದರು.

"ಇದೂ ಸುಳ್ಳೇ ಸಾ."

ಅವರ ನಗು ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: "ಸಣ್ಣಯ್ಯನವರೇ, ಅರ್ಜಿಯಲ್ಲಿ ಸುಳ್ಳು ಬರೆದಿದ್ದರೆ ಹುಡುಗನನ್ನು ಈಗಲೇ ಕಾಲೇಜಿನಿಂದ ತೆಗೆಯಬೇಕಾಗುತ್ತೆ. ಆದ್ದರಿಂದ ಇದು ಸುಳ್ಳಲ್ಲ. ನೀವು ಜಮೀನ್ದಾರರು. ಅಲ್ಲವೇ?"

ಸಿಟ್ಟಿನಿಂದ ಹೇಳಲಿಲ್ಲ ಕಣೋ. ನಿನ್ನನ್ನು ಉಳಿಸಲೆಂದೇ ಹೇಳಿದರು. ನಾನು ಕಾಫಿ ಕುಡಿದು, "ಹೌದು ಸಾ" ಎಂದು ಎದ್ದು ಬಂದೆ.

ಹೊರಗೆ ಜೀವಂಧರಯ್ಯ ಸಿಕ್ಕಿದರು. ಬಡಪಾಯಿ ಮನುಷ್ಯ, ಅಂಗಿಯ ಕಾಲರು ಸವೆದಿದೆ. ಹಲಗೆಯ ಹತ್ತಿರ ಕರೆದುಕೊಂಡು ಹೋಗಿ ಭಾವನ ಹೆಸರು ತೋರಿಸಿದರು. "ಷೂ ಅಂಗಡಿಯೋರು ನನ್ನ ಸಂಬಳದಲ್ಲಿ ಮುರ್ಕೋತಾರೆ, ಅದು ಹೋಗ್ಲಿ ಬಿಡಿ. ಹಣ ಬರದಿದ್ರೆ ಈ ಹೆಸರನ್ನ ಅಳಿಸು ಅಂತ ನನಗೇ ಹೇಳ್ತಾರೆ. ಇವರ ಮಗ ದಿನಾ ಇದರ ಮುಂದೇನೇ ಓಡಾಡ್ತಾನಲ್ಲ, ಅದೇ ಸಂಕಟ" ಅಂದರು.

ಅವರಿಗೆ ಏನೋ ಒಂದು ತಮಾಷೆ ಹೇಳಿ ಹೊರಡೋಣವೆಂದು ಬಾಯಿ ತೆರೆದೆ. ಒಂದೂ ನೆನಪಾಗಲಿಲ್ಲ.

ಬಸ್ಸು ಮೈದಾನದ ಬದಿಯಲ್ಲಿ ಬರುವಾಗ ನೀನು ಒಬ್ಬನೇ ಓಡುತ್ತಿದ್ದೆ. ಷೂ ಹಾಕಿದ್ದೆ. ಕೂಗಿ ಕರೆಯಬಹುದಿತ್ತು.

ಸಣ್ಣಯ್ಯ

*

ಹಾಸನ
14 ಫೆಬ್ರವರಿ 1939

ಮಾವನವರಿಗೆ ನಮಸ್ಕಾರ.

ಬಸ್ಸು ಕಂಡಿತ್ತು. ರುಮಾಲೂ ಕಂಡಿತ್ತು.

ನೀವು ಕೂಗಿದ ನೂರು, ನನ್ನ ಫೀಜು, ಈ ಎರಡರಲ್ಲಿ ಒಂದೇ ಕಟ್ಟಲು ಆಗುವುದಾದರೆ ನೂರನ್ನೇ ಕಟ್ಟಿ ಮೇಷ್ಟರನ್ನು ಉಳಿಸಿ. ಅವರಿಗೆ ನಾಲ್ಕು ಜನ ಹೆಣ್ಣುಮಕ್ಕಳು. ನನ್ನ ಫೀಜಿನ ವಿಷಯ ಆಮೇಲೆ ನೋಡೋಣ.

ಭಾನುವಾರ ಹೊಳೆನರಸೀಪುರಕ್ಕೆ ಹೋಗಿದ್ದೆ. ಅಮ್ಮನಿಗೆ ಯಾರೋ ಹೇಳಿದ್ದರು. ನಾನು ನಿಮ್ಮ ಮೇಲೆ ಎರಡು ಮಾತು ಆಡಿದೆ, ಸುಳ್ಳು ಹೇಳುವುದಿಲ್ಲ. ಅಮ್ಮ, "ನಿಮ್ಮಾವ ಕೂಗಿದ್ದು ತನ್ನ ಹೆಸ್ರಲ್ಲ ಕಣ್ಲಾ, ನಿಮ್ಮಪ್ಪನ್ ಹೆಸ್ರು. ಇಪ್ಪತ್ತು ಜನ್ದ ಮುಂದೆ ಆ ಹೆಸ್ರ ಯಾರಾನಾ ಕೂಗಿ ಎಷ್ಟು ವರ್ಸಾತು? ಬೈಬ್ಯಾಡ" ಎಂದಳು. ಸೀರೆಯ ಗಂಟಿನಿಂದ ಹನ್ನೊಂದು ರೂಪಾಯಿ ತೆಗೆದು ಕೊಟ್ಟಳು. ಬರುವಾಗ ಅವಳಿಗೆ ಕಾಣದ ಹಾಗೆ ರಾಗಿಯ ಮಡಕೆಯಲ್ಲಿ ಇಟ್ಟು ಬಂದಿದ್ದೇನೆ.

ದೇವರಾಜು

*

ಹಿರೀಸಾವೆ
3 ಮಾರ್ಚ್ 1939

ದೇವರಾಜನಿಗೆ,

ನೂರೂ ಸಂದಾಯವಾಯಿತು. ಮೇಷ್ಟರ ಸಂಬಳ ಉಳಿಯಿತು. ಭಾವನ ಹೆಸರು ಉಳಿಯಿತು.

ತಟ್ಟುಕುದುರೆಯನ್ನು ಅರಕಲಗೂಡಿನ ಸಂತೆಯಲ್ಲಿ ಮಾರಿದೆ. ಚನ್ನರಾಯಪಟ್ಟಣದಲ್ಲಿ ಮಾರಿದರೆ ಗುರುತಿನವರು ಯಾರಾದರೂ ಕೊಂಡು, ದಿನಾ ನನ್ನ ಮುಂದೆಯೇ ಹತ್ತಿಕೊಂಡು ಓಡಾಡುತ್ತಾರೆ. ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರಿ ಅರವತ್ತೆರಡಕ್ಕೆ ಕೊಂಡ. "ಇದು ಕಚ್ತದಾ?" ಅಂದ. "ಸುಳ್ಳು ಯೋಳಾರನ್ನ ಮಾತ್ರ" ಅಂದೆ. ಅವನು ನಗಲಿಲ್ಲ. ನನ್ನ ಕಿವಿಯ ಒಂಟಿಗಳನ್ನು ಹೊಳೆನರಸೀಪುರದ ಅಕ್ಕಸಾಲಿಗೆ ಕೊಟ್ಟೆ, ಮೂವತ್ಮೂರು ಬಂತು. ಎಲೆಯಲ್ಲಿ ಸುತ್ತಿ ಕೊಟ್ಟಿದ್ದ ಐದನ್ನು ನಿಮ್ಮ ಗುಮಾಸ್ತೆ ಪ್ರಾಮಾಣಿಕವಾಗಿ ಬರೆದಿಟ್ಟಿದ್ದ. ಅಲ್ಲಿಗೆ ಸರಿಹೋಯಿತು.

ನೀನು ಬೇಡ ಎಂದು ಬರೆದಿದ್ದರೂ 27ನೆಯ ತಾರೀಕು ದುಡ್ಡು ಎಣಿಸುವಾಗ ಒಂದು ಮಾತು ಕೇಳಿದೆ: "ಇದ್ರಲ್ಲಿ ಐವತ್ನಾಕು ಹುಡುಗನ್ ಫೀಜ್ಗೆ ಮುರ್ಕಳಿ. ಷೂ ದುಡ್ಡ ನಾನು ಬರಾ ಸುಗ್ಗಿಗೆ ತಂದ್ಕೊಡ್ತೀನಿ."

"ಆಟದ ಫಂಡಿಗೆ ಬಂದದ್ದನ್ನ ಓದಿನ ಕಡೆ ತಿರುಗಿಸೋಕೆ ಆಗಲ್ಲ ಸ್ವಾಮಿ. ಆಟಕ್ಕೆ ಅಂತ ಬಂದಮೇಲೆ ಆಟಕ್ಕೇ" ಅಂದ ಗುಮಾಸ್ತೆ.

"ಓಡೋನೇ ಅವ್ನಲ್ವಾ?"

"ಓಡೋಕೆ ಕೊಡ್ತೀವಿ ಸ್ವಾಮಿ. ಓದೋಕೆ ಹೇಗೆ ಕೊಡೋದು?"

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು, ಹಿಂದೆ ನೇಮಿರಾಜಯ್ಯ. ನನ್ನ ಕೊರಳಿಗೆ ಸೇವಂತಿಗೆ ಹಾರ ಬಿತ್ತು. "ಬಡವ ಬಡವ ಅಂದಿರಿ, ನೋಡಿ ಈಗ!" ಎಂದು ಪ್ರಿನ್ಸಿಪಾಲರು ನಕ್ಕರು. ಕೊಡದಿದ್ದರೆ ಸುಳ್ಳುಗಾರ, ಕೊಟ್ಟರೆ ಸಾಹುಕಾರ. ಮಾಫಿಯ ಮಾತೆತ್ತಲು ದಾರಿಯೇ ಉಳಿಯಲಿಲ್ಲ. ನೇಮಿರಾಜಯ್ಯ ಒಳ್ಳೆಯವರು, ಎರಡೂ ಕೈ ಹಿಡಿದುಕೊಂಡು, "ನಿಮ್ಮಂಥೋರು ತಾಲ್ಲೂಕಿಗೆ ನಾಕು ಜನ ಇರ್ಬೇಕು" ಅಂದರು. ಅವರನ್ನೇ ಕೇಳಿಬಿಡಲೇ ಎಂದು ನಾಲಗೆಯ ತುದಿಗೆ ಬಂತು. ಈಗಷ್ಟೇ ನೂರು ಕೊಟ್ಟು ಹಾರ ಹಾಕಿಸಿಕೊಂಡವನು ಐವತ್ತನಾಲ್ಕು ರೂಪಾಯಿ ಕೊಡಿ ಎಂದು ಹೇಗೆ ಕೇಳುವುದು? ನೀನೇ ಹೇಳು.

ಹಾರವನ್ನು ಬಸ್ಸಿನಲ್ಲಿ ಒಂದು ಮಗುವಿಗೆ ಕೊಟ್ಟೆ. ಬಸ್ ಚಾರ್ಜು ನಿಮ್ಮತ್ತೆ ಕೊಟ್ಟಿದ್ದು. ಮನೆಗೆ ಬಂದಾಗ ಅವಳು ಬರಿದಾದ ಕಿವಿ ನೋಡಿ ಮುದ್ದೆ ಬಡಿಸಿದಳು.

ನಿನ್ನೆಯೂ ಮೊನ್ನೆಯೂ ಪೋಸ್ಟಿನವನನ್ನು ಕಾದೆ. ಏನಾಯಿತು, ಬರೆ.

ಸಣ್ಣಯ್ಯ

*

ಹಾಸನ
25 ಜೂನ್ 1939

ಮಾವನವರಿಗೆ ನಮಸ್ಕಾರ.

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸಬೇಕು. ಬರೆಯಲು ಏನೂ ಇರಲಿಲ್ಲ.

ಮಾರ್ಚ್ ಒಂದನೆಯ ತಾರೀಕು ನನ್ನ ಹೆಸರು ಹೊಡೆದುಹಾಕಿದರು. ಬೆಂಗಳೂರಿಗೆ ನನ್ನ ಬದಲು ಬೇರೆಯವನು ಹೋದ. ಷೂ ಅವನಿಗೆ ಸ್ವಲ್ಪ ದೊಡ್ಡದಾಯಿತು, ಮುಂದೆ ಬಟ್ಟೆ ತುರುಕಿ ಓಡಿದನಂತೆ. ಐದನೆಯವನಾಗಿ ಬಂದ.

ಮೂರು ತಿಂಗಳು ಹೊಳೆನರಸೀಪುರದಲ್ಲಿ ಅಕ್ಕಿ ಗಿರಣಿಯ ಮೂಟೆ ಹೊತ್ತೆ. ಈ ತಿಂಗಳು ಮೇಷ್ಟರು ಹೇಳಿಕಳಿಸಿದರು. ಕಾಲೇಜಿನ ಮೈದಾನಕ್ಕೆ ಆಳು ಬೇಕಿತ್ತು. ತಿಂಗಳಿಗೆ ಏಳು ರೂಪಾಯಿ. ಬೆಳಿಗ್ಗೆ ಟೆನಿಸ್ ಅಂಕಣಕ್ಕೆ ನೀರು ಹಾಕಿ ರೋಲರ್ ಎಳೆಯಬೇಕು, ಓಟದ ಗೆರೆಗಳಿಗೆ ಸುಣ್ಣ ಹಾಕಬೇಕು, ಸಾಯಂಕಾಲ ಬಲೆ ಬಿಚ್ಚಿ ಒಳಗಿಡಬೇಕು. ಬಲೆಗಳನ್ನಿಡುವ ಕೋಣೆಯಲ್ಲೇ ಮಲಗುತ್ತೇನೆ. ಅಮ್ಮನಿಗೆ ತಿಂಗಳಿಗೆ ಮೂರು ಕಳಿಸಬಹುದು.

ಸಂಬಳ ಆಟದ ಫಂಡಿನಿಂದ. ಬೆಂಗಳೂರಿನ ಖರ್ಚು ಕಳೆದು ನಿಮ್ಮ ನೂರರಲ್ಲಿ ಉಳಿದದ್ದನ್ನು ಇದಕ್ಕೆಂದು ತೆಗೆದಿಟ್ಟಿದ್ದಾರೆ. ಡಿಸೆಂಬರ್‌ವರೆಗೆ ಬರುತ್ತದೆ ಎಂದು ಗುಮಾಸ್ತೆ ಹೇಳಿದರು.

ಮತ್ತೆ ಸೇರಿಕೊಳ್ಳಬಹುದೇ ಎಂದು ಕೇಳಿದೆ. ಹಳೆಯ ಬಾಕಿ ಐವತ್ತನಾಲ್ಕನ್ನು ಕಟ್ಟಿದ ಮೇಲೆ ನೋಡೋಣ ಎಂದರು.

ದೇವರಾಜು

*

ಹಿರೀಸಾವೆ
9 ಜುಲೈ 1939

ದೇವರಾಜ,

ನಿನ್ನ ಕಾಗದವನ್ನು ಪೋಸ್ಟಿನವನು ಈ ಸಲ ಯಾರಿಗೂ ಓದಿ ಹೇಳಲಿಲ್ಲ. ಸುಮ್ಮನೆ ಕೈಗೆ ಕೊಟ್ಟು ಹೋದ.

ನಾನು ಕೊಟ್ಟ ದುಡ್ಡಿನಲ್ಲಿ ನಿನ್ನನ್ನು ಓದಿಸಲು ಆಗಲಿಲ್ಲ, ಆಳು ಮಾಡಲು ಆಯಿತು. ಇದನ್ನು ಹೀಗೇ ಬರೆಯುತ್ತಿದ್ದೇನೆ, ಬಣ್ಣ ಕಟ್ಟಲು ಬರುತ್ತಿಲ್ಲ. ಹೋಟೆಲಿನಲ್ಲಿ ಕೇಳಿದರು, "ನಿನ್ನಳಿಯ ಏನ್ಮಾಡ್ತಾವ್ನೆ ಸಣ್ಣಯ್ಯ?" ಎಂದು. ಕಾಲೇಜಿನ ಆಟವೆಲ್ಲ ಅವನ ಕೈಯಲ್ಲಿದೆ ಎನ್ನಲು ಹೊರಟೆ. ಅರ್ಧ ಮಾತಿಗೇ ನಿಲ್ಲಿಸಿ ಎದ್ದು ಬಂದೆ. ಅವರಿಗೆ ಆಶ್ಚರ್ಯವಾಯಿತು, ಜ್ವರ ಬಂದಿದೆಯೇನೋ ಎಂದುಕೊಂಡರು.

ತೆಂಗಿನಮರ ಎರಡು ಕಡಿಸಿ ತೊಲೆಗೆ ಮಾರೋಣವೆಂದು ನೋಡಿದೆ. ಆರು ರೂಪಾಯಿ ಎನ್ನುತ್ತಾರೆ. ಸುಗ್ಗಿಯವರೆಗೆ ಬೇರೆ ದಾರಿ ಕಾಣೆ, ಸುಗ್ಗಿಯಲ್ಲೂ ಕಾಣೆ.

ಒಂದೇ ಒಂದು ಕೇಳುತ್ತೇನೆ. ಬೆಳಿಗ್ಗೆ ಹುಡುಗರು ಬರುವುದಕ್ಕೆ ಮೊದಲು ಮೈದಾನದಲ್ಲಿ ನೀನೊಬ್ಬನೇ ಇರುತ್ತೀಯಲ್ಲ. ಆಗ ಒಂದು ಸುತ್ತು ಓಡುತ್ತೀಯೇನೋ? ಯಾರೂ ನೋಡದಿದ್ದರೂ ಪರವಾಗಿಲ್ಲ. ಓಡುತ್ತೇನೆ ಎಂದು ಬರೆ ಸಾಕು.

ನಿನ್ನ ಮಾವ
ಸಣ್ಣಯ್ಯ

*

ಹಾಸನ
17 ಜುಲೈ 1939

ಮಾವನವರಿಗೆ ನಮಸ್ಕಾರ.

ತೆಂಗಿನಮರ ಕಡಿಸಬೇಡಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಡಿಸೆಂಬರಿನ ಕ್ರೀಡೋತ್ಸವಕ್ಕೆ ದಾನಿಗಳೆಂದು ನಿಮಗೆ ಅಚ್ಚಾದ ಪತ್ರ ಬರುತ್ತದೆ. ಅದನ್ನು ಹಂಚುವ ಕೆಲಸವೂ ನನ್ನದೇ, ನಿಮ್ಮದನ್ನು ನಾನೇ ಅಂಚೆಗೆ ಹಾಕಬೇಕು. ಆ ಪತ್ರ ಬಂದರೆ ಅದಕ್ಕೆ ಉತ್ತರ ಬರೆಯಬೇಡಿ.

ಬೆಳಿಗ್ಗೆ ಓಡುವುದಿಲ್ಲ ಮಾವ. ಗೆರೆಗಳು ಇನ್ನೂ ಹಸಿಯಾಗಿರುತ್ತವೆ. ಕಾಲಿಟ್ಟರೆ ಅಳಿಸಿಹೋಗುತ್ತವೆ, ಮತ್ತೆ ಸುಣ್ಣ ಹಾಕಬೇಕು. ಸುಣ್ಣಕ್ಕೂ ಫಂಡಿನಿಂದಲೇ ಕೇಳಬೇಕು.

ದೇವರಾಜು